ಅಂಕಿ ಹುಟ್ಟುವ ಜಾಗ: ಸಂಸ್ಥೆಯ ಗುರಿ ಮತ್ತು ಡೇಟಾ ಯೋಜನೆ



  ಒಂದು ಸಂಸ್ಥೆ ತನ್ನ ವ್ಯವಹಾರದ ಗುರಿಗಳನ್ನು ಮುಟ್ಟಲು ಡೇಟಾವನ್ನು ಹೇಗೆ ಅಣಿಮಾಡಿಕೊಳ್ಳಬೇಕು ಎಂಬುದು ನನಗೆ ಒಪ್ಪಿಸಿರುವ ವಿಷಯ.

ಇಂದು ಹಳ್ಳಿಯ ಪತ್ತಿನ ಸಂಘದಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ಎಲ್ಲ ಕಡೆ ಕಂಪ್ಯೂಟರ್ ಇದೆ, ಸಾಫ್ಟ್‌ವೇರ್ ಇದೆ, ತಿಂಗಳು ತಿಂಗಳು ವರದಿ ಬರುತ್ತದೆ. ಆದರೂ ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೂ ಎದ್ದು, ‘ಹೋದ ವರ್ಷ ನಮ್ಮನ್ನು ಬಿಟ್ಟುಹೋದವರು ಎಷ್ಟು ಜನ, ಯಾಕೆ ಹೋದರು?’ ಎಂದು ಕೇಳಿದರೆ ಉತ್ತರಕ್ಕೆ ಒಂದು ವಾರ ಬೇಕಾಗುತ್ತದೆ. ಬಂದ ಉತ್ತರವೂ ಮಾರಾಟ ವಿಭಾಗದ್ದು ಒಂದು, ಲೆಕ್ಕಪತ್ರ ವಿಭಾಗದ್ದು ಇನ್ನೊಂದು. ಡೇಟಾ ರಾಶಿ ಬಿದ್ದಿದೆ, ನಿರ್ಧಾರ ಮಾತ್ರ ಅಂದಾಜಿನ ಮೇಲೆಯೇ ನಡೆಯುತ್ತಿದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಡೇಟಾ ಯೋಜನೆ ಸಂಸ್ಥೆಯ ಗುರಿಯಿಂದ ಹೊರಡಬೇಕು. ಆ ಗುರಿಗಾಗಿ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನು ಹಿಡಿದು ಹಿಂದಕ್ಕೆ ಬರುತ್ತಾ, ಅಂಕಿ ಹುಟ್ಟುವ ಜಾಗವನ್ನು ಮುಟ್ಟಬೇಕು. ಅಲ್ಲಿ ಅಂಕಿ ಕೊಡುವವರಿಗೆ ಅದರ ಮೊದಲ ಪ್ರಯೋಜನ ಸಿಗಬೇಕು. ಈ ಕೊನೆಯದು ತಪ್ಪಿದರೆ ಮೇಲೆ ಎಷ್ಟು ಹಣ ಸುರಿದರೂ ಅಂಕಿ ನೆಟ್ಟಗೆ ಬರುವುದಿಲ್ಲ. ಇದನ್ನು ವಿವರಿಸಲು ನಿಮಗೆಲ್ಲ ಪರಿಚಿತವಾದ ಎರಡು ವ್ಯವಸ್ಥೆಗಳನ್ನು ತೆಗೆದುಕೊಳ್ಳುತ್ತೇನೆ: ಹಾಲಿನ ಸಹಕಾರ ಸಂಘ ಮತ್ತು ಪಹಣಿ.

ಹಾಲಿನ ಸಂಘದ ಮೇಜು

ಬೆಳಗಿನ ಸರದಿಯಲ್ಲಿ ಡೈರಿಗೆ ಹೋಗಿ ನಿಂತು ನೋಡಿ. ಸದಸ್ಯೆಯೊಬ್ಬರು ಕ್ಯಾನ್ ತರುತ್ತಾರೆ. ಹಾಲು ತೂಕದ ಯಂತ್ರದ ಪಾತ್ರೆಗೆ ಬೀಳುತ್ತದೆ. ಅದರಿಂದ ಒಂದಿಷ್ಟು ಮಾದರಿ ತೆಗೆದು ವಿಶ್ಲೇಷಕ ಯಂತ್ರಕ್ಕೆ ಇಡುತ್ತಾರೆ. ನಿಮಿಷದೊಳಗೆ ಎದುರಿನ ಪರದೆಯ ಮೇಲೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಮೂಡಿ ಚೀಟಿ ಹೊರಬರುತ್ತದೆ. ಆಕೆ ಚೀಟಿಯನ್ನು ನೋಡುತ್ತಾರೆ, ನಿನ್ನೆಯದಕ್ಕೆ ಹೋಲಿಸುತ್ತಾರೆ. ಫ್ಯಾಟ್ ಇಳಿದಿದ್ದರೆ ಅಲ್ಲೇ ಕೇಳುತ್ತಾರೆ. ಹಿಂಡಿ ಬದಲಾಯಿತೇ, ಹಸಿರು ಮೇವು ಹೆಚ್ಚಾಯಿತೇ, ಹಸು ಬೆದೆಗೆ ಬಂದಿದೆಯೇ ಎಂಬ ಮಾತು ಆ ಚೀಟಿಯ ಸುತ್ತಲೇ ನಡೆಯುತ್ತದೆ.

ಈ ಯಂತ್ರ ಬರುವ ಮುನ್ನ ಇದೇ ಕೆಲಸವನ್ನು ಗೆರ್ಬರ್ ವಿಧಾನ ಮಾಡುತ್ತಿತ್ತು. ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಕೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಮುಚ್ಚಿ, ಅಲುಗಾಡಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಿದ್ದರು. ಜಿಡ್ಡು ಬೇರ್ಪಟ್ಟು ನಳಿಕೆಯ ಕತ್ತಿನಲ್ಲಿ ನಿಲ್ಲುತ್ತಿತ್ತು. ಅಲ್ಲಿನ ಗೀರುಗಳನ್ನು ಎಣಿಸಿದರೆ ಫ್ಯಾಟ್ ಶೇಕಡಾವಾರು ಗೊತ್ತಾಗುತ್ತಿತ್ತು. ಆಮ್ಲದೊಂದಿಗೆ ಏಗಬೇಕಾದ, ಎಚ್ಚರ ಬೇಡುವ ಕೆಲಸ ಅದು. ಒಂದು ಅಂಕಿಗಾಗಿ ಇಷ್ಟು ಶ್ರಮ ಯಾಕೆ ಪಟ್ಟರು?

ಉತ್ತರಕ್ಕೆ ಗುಜರಾತಿನ ಖೇಡಾ ಜಿಲ್ಲೆಗೆ ಹೋಗಬೇಕು. 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಸೇರಿದ ರೈತರು, ತಮ್ಮ ಹಾಲನ್ನು ತಾವೇ ಸಂಘ ಕಟ್ಟಿ ಮಾರುವುದೆಂದು ತೀರ್ಮಾನಿಸಿದರು. ಅದುವರೆಗೆ ಬೆಲೆ ಎಷ್ಟು, ಹಾಲು ಗಟ್ಟಿಯೋ ನೀರೋ ಎಂಬುದನ್ನೆಲ್ಲ ವ್ಯಾಪಾರಿಯ ಕಡೆಯವರೇ ಹೇಳುತ್ತಿದ್ದರು. ರೈತರು ಹಾಲು ಹಾಕುವುದನ್ನೇ ನಿಲ್ಲಿಸಿ ಹೋರಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಖೇಡಾ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ ಪಟೇಲರ ನಾಯಕತ್ವ, 1949ರಲ್ಲಿ ಆನಂದ್ ಪಟ್ಟಣಕ್ಕೆ ಬಂದ ವರ್ಗೀಸ್ ಕುರಿಯನ್ನರ ಆಡಳಿತ, ಇವುಗಳಿಂದ ಬೆಳೆದ ಅದೇ ಸಂಸ್ಥೆ ಅಮುಲ್ ಆಯಿತು. ಆ ಆನಂದ್ ಮಾದರಿ ಕರ್ನಾಟಕಕ್ಕೆ ಬಂದದ್ದು 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮದ ಮೂಲಕ. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಳ್ಳಿಯಲ್ಲಿ ಸಂಘ, ಜಿಲ್ಲಾ ಮಟ್ಟದಲ್ಲಿ ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ ಎಂಬ ಮೂರು ಹಂತ ಇಂದಿಗೂ ನಡೆಯುತ್ತಿದೆ.

ಈ ಸಂಸ್ಥೆಯ ಗುರಿ ಒಂದೇ ಸಾಲಿನದು: ಉತ್ಪಾದಕನಿಗೆ ನ್ಯಾಯವಾದ ಬೆಲೆ, ಕೊಳ್ಳುವವನಿಗೆ ಶುದ್ಧ ಹಾಲು. ಆ ಗುರಿಗೆ ಬೇಕಾದ ಮೊದಲ ನಿರ್ಧಾರ, ಈ ಕ್ಯಾನಿಗೆ ಎಷ್ಟು ದುಡ್ಡು ಎಂಬುದು. ಆ ನಿರ್ಧಾರಕ್ಕೆ ಬೇಕಾದ ಅಂಕಿ ಮೂರು: ಪ್ರಮಾಣ, ಫ್ಯಾಟು, ಎಸ್‌ಎನ್‌ಎಫ್. ಯಾರ ಹಾಲು, ಯಾವ ದಿನ, ಯಾವ ಹೊತ್ತು ಎಂಬುದನ್ನು ಸೇರಿಸಿದರೆ ಸಾಲು ಪೂರ್ತಿಯಾಗುತ್ತದೆ. ಗುರಿಯಿಂದ ನಿರ್ಧಾರ, ನಿರ್ಧಾರದಿಂದ ಅಂಕಿ, ಅಂಕಿಯಿಂದ ಅಳೆಯುವ ವಿಧಾನ. ಕಂಪ್ಯೂಟರ್ ಹಳ್ಳಿಗೆ ಬರುವುದಕ್ಕೆ ದಶಕಗಳ ಮುಂಚೆಯೇ ಒಂದು ಡೇಟಾ ಯೋಜನೆ ಅಲ್ಲಿ ಸಿದ್ಧವಾಗಿತ್ತು.

ಆ ಒಂದು ಸಾಲು ಮೇಲಕ್ಕೆ ಹೋದಂತೆ ಏನೇನು ಕೆಲಸ ಮಾಡುತ್ತದೆ ನೋಡಿ. ಸಂಘದ ಒಟ್ಟು ಲೀಟರನ್ನು ನೋಡಿ ಒಕ್ಕೂಟ ಹಾಲಿನ ಮಾರ್ಗಗಳನ್ನು ಗೊತ್ತುಮಾಡುತ್ತದೆ, ಶೀತಲೀಕರಣ ಘಟಕ ಎಲ್ಲಿ ಬೇಕೆಂದು ತೀರ್ಮಾನಿಸುತ್ತದೆ. ಡೈರಿಯ ಕಟ್ಟೆಯಲ್ಲಿ ಅದೇ ಸಂಘದ ಹಾಲನ್ನು ಮತ್ತೆ ಅಳೆದು ಟ್ರಕ್ ಶೀಟ್ ಬರೆಯುತ್ತಾರೆ. ಸಂಘದ ಲೆಕ್ಕಕ್ಕೂ ಟ್ರಕ್ ಶೀಟಿಗೂ ಅಂತರ ಹೆಚ್ಚಾಯಿತೆಂದರೆ ಹಳ್ಳಿಯಲ್ಲೋ ದಾರಿಯಲ್ಲೋ ಕಟ್ಟೆಯಲ್ಲೋ ಏನೋ ಕೆಟ್ಟಿದೆ ಎಂದು ಅರ್ಥ. ಟೋನ್ಡ್ ಹಾಲಿನ ಪ್ಯಾಕೆಟಿನಲ್ಲಿ 3.0 ಫ್ಯಾಟು, 8.5 ಎಸ್‌ಎನ್‌ಎಫ್ ಇರಲೇಬೇಕು. ಆ ಹೊಂದಾಣಿಕೆಯ ಲೆಕ್ಕವೂ ಇದೇ ಅಂಕಿಗಳಿಂದ ಹೊರಡುತ್ತದೆ. ರಾಜ್ಯ ಸರ್ಕಾರ ಉತ್ಪಾದಕರಿಗೆ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡಲು ಆರಂಭಿಸಿದಾಗ, ಯಾರಿಗೆ ಎಷ್ಟು ಎಂಬುದನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಸಂಘದ ಪುಸ್ತಕದಲ್ಲಿ ಉತ್ತರ ಮೊದಲೇ ಇತ್ತು. ಒಂದು ಕೆಲಸಕ್ಕಾಗಿ ನಿಷ್ಠೆಯಿಂದ ಬರೆದ ಅಂಕಿ ಹತ್ತು ಕೆಲಸಕ್ಕೆ ಒದಗುತ್ತದೆ. ಹತ್ತು ಕೆಲಸಕ್ಕಾಗಲಿ ಎಂದು ಗುರಿಯಿಲ್ಲದೆ ತುಂಬಿಸಿದ ನಮೂನೆ ಒಂದಕ್ಕೂ ಒದಗುವುದಿಲ್ಲ.

ಈ ಅಂಕಿ ದಶಕಗಟ್ಟಲೆ ಉಳಿದುಬಂದದ್ದರ ಗುಟ್ಟು ಯಂತ್ರದಲ್ಲಿಲ್ಲ, ಚೀಟಿಯಲ್ಲಿದೆ. ಅಂಕಿ ತಪ್ಪಾದರೆ ಮೊದಲು ನಷ್ಟ ಅನುಭವಿಸುವವರು ಆ ಚೀಟಿಯನ್ನು ಕೈಯಲ್ಲಿ ಹಿಡಿದವರು. ಹಾಗಾಗಿ ಹಳ್ಳಿಹಳ್ಳಿಯಲ್ಲೂ ದಿನಕ್ಕೆರಡು ಬಾರಿ ಅದರ ತಪಾಸಣೆ ತಾನಾಗಿಯೇ ನಡೆಯುತ್ತದೆ. ಯಾವ ಲೆಕ್ಕಪರಿಶೋಧಕರ ದಂಡೂ ಇಷ್ಟು ಶ್ರದ್ಧೆಯಿಂದ ನೋಡಲಾರದು. ಯಾವ ಸಂಘದಲ್ಲಿ ಚೀಟಿ ಕೊಡುವುದನ್ನು ನಿಲ್ಲಿಸಿ ಸರಾಸರಿ ದರದಲ್ಲಿ ಬಟವಾಡೆ ಮಾಡುತ್ತಾರೋ ಅಲ್ಲಿ ಒಳ್ಳೆಯ ಹಾಲು ತರುವವರ ಉತ್ಸಾಹ ಬೇಗ ಕುಗ್ಗುತ್ತದೆ. ಹಾಲಿನ ಗುಣಮಟ್ಟ, ಡೇಟಾದ ಗುಣಮಟ್ಟ ಎರಡೂ ಒಟ್ಟಿಗೇ ಇಳಿಯುತ್ತವೆ.

ಪಹಣಿಯ ಪಾಠ

ಎರಡನೆಯ ಉದಾಹರಣೆ ಸರ್ಕಾರದ್ದು. ಪಹಣಿ ಎಂದರೆ ರೈತನ ಬದುಕಿನ ದಾಖಲೆ. 9ನೇ ಕಾಲಂನಲ್ಲಿ ಖಾತೆದಾರನ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆ. ಬ್ಯಾಂಕಿನ ಬೆಳೆ ಸಾಲಕ್ಕೆ, ಜಮೀನು ಮಾರಾಟಕ್ಕೆ, ಕೋರ್ಟು ವ್ಯಾಜ್ಯಕ್ಕೆ, ಎಲ್ಲಕ್ಕೂ ಅದು ಬೇಕು. ಕೈಬರಹದ ಕಾಲದಲ್ಲಿ ಈ ಪುಸ್ತಕಗಳು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ನೋಡಬೇಕಾದರೂ ಅವರನ್ನೇ ಹುಡುಕಬೇಕು, ತಿದ್ದಬೇಕಾದರೂ ಅವರನ್ನೇ ಕಾಯಬೇಕು.

ಇದನ್ನು ಕಂಪ್ಯೂಟರಿಗೆ ತರುವ ಮೊದಲ ಪ್ರಯತ್ನ ಕೇಂದ್ರ ಸರ್ಕಾರದ ಯೋಜನೆಯಡಿ 1990ರ ದಶಕದಲ್ಲೇ ನಡೆಯಿತು. ದಾಖಲೆಗಳನ್ನು ಟೈಪು ಮಾಡಿ ತುಂಬಿಸಿದರು. ಆದರೆ ಪಹಣಿ ಬದಲಾಗುವುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಜಮೀನು ಮಾರಾಟವಾಗುತ್ತಿತ್ತು, ತಂದೆ ತೀರಿಕೊಂಡು ಮಕ್ಕಳಿಗೆ ಪಾಲಾಗುತ್ತಿತ್ತು, ಸಾಲ ತೀರುತ್ತಿತ್ತು. ಜಿಲ್ಲಾ ಕೇಂದ್ರದ ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ಹೆಸರೇ ಕೂತಿತ್ತು. ಕೆಲವೇ ತಿಂಗಳಲ್ಲಿ ಆ ಡೇಟಾ ಯಾರಿಗೂ ಬೇಡವಾಯಿತು. ಇಂದಿಗೂ ಅದೆಷ್ಟೋ ಸಂಸ್ಥೆಗಳು ಇದನ್ನೇ ಮಾಡುತ್ತಿವೆ. ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ, ದೊಡ್ಡ ಭಂಡಾರ ಕಟ್ಟಿ, ಅದನ್ನು ನಿತ್ಯ ಹೊಸದಾಗಿ ಇಡುವ ದಾರಿಯನ್ನು ಮಾತ್ರ ಯೋಚಿಸದೆ ಬಿಡುತ್ತವೆ.

ಭೂಮಿ ಯೋಜನೆ ಬಂದದ್ದು 2000ದ ಆಸುಪಾಸಿನಲ್ಲಿ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅದರ ಮುಂದಾಳತ್ವ ವಹಿಸಿದರು, ರಾಷ್ಟ್ರೀಯ ಮಾಹಿತಿ ಕೇಂದ್ರ ತಂತ್ರಾಂಶ ರೂಪಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತುಂಬಿದ ಡೇಟಾವನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು, ಮೂಲ ಪುಸ್ತಕದೊಂದಿಗೆ ತಾಳೆ ನೋಡಿಸಿದರು. ಆಗಿನ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. 15 ರೂಪಾಯಿ ಕೊಟ್ಟರೆ ಸ್ಥಳದಲ್ಲೇ ಪಹಣಿ ಸಿಗುವಂತಾಯಿತು.

ಆದರೆ ಭೂಮಿಯ ಯಶಸ್ಸು ಮುದ್ರಣದ ವೇಗದಲ್ಲಿ ಇರಲಿಲ್ಲ. ಅದರ ಹಿಂದೆ ಮೂರು ಗಟ್ಟಿ ನಿರ್ಧಾರಗಳಿದ್ದವು. ಒಂದು, ಗಣಕೀಕರಣವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಸಾರಿತು. ಎರಡು ಪುಸ್ತಕಗಳು ಒಟ್ಟಿಗೆ ಇದ್ದಿದ್ದರೆ ಎರಡೂ ಸುಳ್ಳಾಗುತ್ತಿದ್ದವು. ಎರಡು, ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಪರಿಚಯದವರ ಅರ್ಜಿಯನ್ನು ಮುಂದಕ್ಕೆ ತರಲು ತಂತ್ರಾಂಶ ಬಿಡುವುದಿಲ್ಲ. ಮೂರು, ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಈ ಮೂರೂ ಆಡಳಿತದ ನಿರ್ಧಾರಗಳು. ತಂತ್ರಾಂಶ ಅವನ್ನು ಜಾರಿಗೆ ತಂದಿತು, ಅಷ್ಟೆ. ಸಂಸ್ಥೆಯ ಮುಖ್ಯಸ್ಥರು ಇಂತಹ ನಿರ್ಧಾರಗಳಿಗೆ ಸಹಿ ಹಾಕದೆ ಕಂಪ್ಯೂಟರ್ ವಿಭಾಗದ ಮೇಲೆ ಭಾರ ಹಾಕಿದರೆ ಯಾವ ಡೇಟಾ ಯೋಜನೆಯೂ ನಿಲ್ಲುವುದಿಲ್ಲ.

ಮುಂದೆ ಇದೇ ಅಡಿಪಾಯದ ಮೇಲೆ ನೋಂದಣಿಯ ಕಾವೇರಿ, ಅಳತೆಯ ಮೋಜಿಣಿ ಬಂದು ಕೂಡಿಕೊಂಡವು. ಫ್ರೂಟ್ಸ್ ಎಂಬ ವ್ಯವಸ್ಥೆ ರೈತನಿಗೊಂದು ಗುರುತಿನ ಸಂಖ್ಯೆ ಕೊಟ್ಟು, ಬೇರೆ ಬೇರೆ ಸರ್ವೆ ನಂಬರುಗಳಲ್ಲಿರುವ ಅವನ ಹಿಡುವಳಿಗಳನ್ನು ಒಂದೆಡೆ ತಂದಿತು. ಬೆಳೆ ಸಮೀಕ್ಷೆ ಮೊಬೈಲ್ ಆ್ಯಪಿಗೆ ಬಂತು. ಬೆಳೆ ನಷ್ಟ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಎಲ್ಲವೂ ಆ ಡೇಟಾವನ್ನು ನೋಡುತ್ತವೆ. ರಾಗಿ ಮಾರಲು ಬಂದವನ ಹೊಲದಲ್ಲಿ ರಾಗಿ ಬೆಳೆದಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ತಿಂಗಳುಗಳ ಹಿಂದೆ ಹೊಲದಲ್ಲಿ ತೆಗೆದ ಫೋಟೋ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಭೂಮಿಯ ಬಗ್ಗೆ ಬೆಂಗಳೂರಿನ ಸಂಶೋಧಕರು ಗಂಭೀರ ಟೀಕೆಗಳನ್ನು ಮಾಡಿದ್ದಾರೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ದಾಖಲೆ ಹಳ್ಳಿಯಿಂದ ಮೇಲಿನ ಹಂತಕ್ಕೆ ಹೋದಾಗ ನಗರದ ಅಂಚಿನಲ್ಲಿ ಭೂಮಿ ಹುಡುಕುವ ದೊಡ್ಡ ಕೈಗಳಿಗೆ ಕೆಲಸ ಸುಲಭವಾಯಿತು, ಸಣ್ಣ ರೈತನ ಹಿಡಿತ ಸಡಿಲವಾಯಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಳೆಯ ಪುಸ್ತಕದಲ್ಲಿದ್ದ ಹೆಸರಿನ ತಪ್ಪು, ವಿಸ್ತೀರ್ಣದ ತಪ್ಪು ಅಚ್ಚುಕಟ್ಟಾದ ಮುದ್ರಣದಲ್ಲಿ ಹೊರಬಂದಾಗ ಅದನ್ನು ತಿದ್ದಿಸಿಕೊಳ್ಳುವ ಅಲೆದಾಟ ರೈತನ ಪಾಲಿಗೇ ಬಂತು. ಡೇಟಾ ಕೇಂದ್ರೀಕರಿಸುವ ಪ್ರತಿಯೊಂದು ಸಂಸ್ಥೆಯೂ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಬೇಕು. ಇದರಿಂದ ಯಾರ ಕೈ ಬಲವಾಗುತ್ತದೆ? ತಪ್ಪಿದ್ದರೆ ತಿದ್ದಿಸಿಕೊಳ್ಳುವ ದಾರಿ, ತಪ್ಪಿನಿಂದ ನೊಂದವನ ಮನೆಗೆ ಎಷ್ಟು ಹತ್ತಿರದಲ್ಲಿದೆ?

ಗುರಿಯಿಂದ ಹಿಂದಕ್ಕೆ

ಈಗ ಯೋಜನೆ ಕಟ್ಟುವ ಕ್ರಮಕ್ಕೆ ಬರೋಣ. ಹಾಲು ಒಕ್ಕೂಟವೊಂದರ ಗುರಿಯನ್ನೇ ತೆಗೆದುಕೊಳ್ಳೋಣ: ಬೇಸಿಗೆಯಲ್ಲಿ ಹಾಲಿನ ಕೊರತೆಯಾಗಬಾರದು, ಮಳೆಗಾಲ ಕಳೆದು ಹಾಲು ಉಕ್ಕಿಬರುವಾಗ ಅದು ನಷ್ಟಕ್ಕೆ ಹೋಗಬಾರದು.

ಈ ಗುರಿಗೆ ಬೇಕಾದ ನಿರ್ಧಾರಗಳು ಯಾವುವು? ಹೆಚ್ಚಿನ ಹಾಲನ್ನು ಎಷ್ಟು ಪುಡಿ ಮಾಡಿಡಬೇಕು, ಅದನ್ನು ಯಾವಾಗ ಮಾರಬೇಕು, ಎಷ್ಟು ಉಳಿಸಿಕೊಳ್ಳಬೇಕು, ಯಾವ ತಾಲ್ಲೂಕಿಗೆ ಮೇವಿನ ಬೀಜ ಮೊದಲು ಕಳಿಸಬೇಕು. ಈ ನಿರ್ಧಾರಗಳಿಗೆ ಮುಂದಿನ ತಿಂಗಳುಗಳಲ್ಲಿ ಹಾಲು ಎಷ್ಟು ಬರುತ್ತದೆ ಎಂಬ ಅಂದಾಜು ಬೇಕು. ಹೋದ ವರ್ಷಗಳ ಶೇಖರಣೆಯ ಅಂಕಿ ಇದೆ, ಅದು ಅರ್ಧ ಉತ್ತರ. ಉಳಿದರ್ಧ ಎಲ್ಲಿದೆ? ಕೃತಕ ಗರ್ಭಧಾರಣೆಯ ಪುಸ್ತಕದಲ್ಲಿದೆ. ಹಸುವಿನ ಗರ್ಭಾವಧಿ ಸುಮಾರು 280 ದಿನ. ಇಂದು ಗರ್ಭಧಾರಣೆ ಮಾಡುವ ಕಾರ್ಯಕರ್ತ ಬರೆದುಕೊಂಡ ಒಂದು ಸಾಲು, ಒಂಬತ್ತು ತಿಂಗಳ ಆಚೆ ಬರಬಹುದಾದ ಹಾಲಿನ ಮುನ್ಸೂಚನೆ. ಗರ್ಭವನ್ನು ಖಚಿತಪಡಿಸುವ ತಪಾಸಣೆ ಆ ಮುನ್ಸೂಚನೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಹಾಲಿನ ಪುಸ್ತಕದಲ್ಲಿ ಇರುವುದು ಸದಸ್ಯನ ಸಂಖ್ಯೆ. ಪಶುವೈದ್ಯಕೀಯ ದಾಖಲೆಯಲ್ಲಿ ಇರುವುದು ಹಸುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ. ಯಾವ ಹಸು ಯಾವ ಸದಸ್ಯನದು ಎಂಬ ಜೋಡಣೆ ಇಲ್ಲದಿದ್ದರೆ ಎರಡೂ ಪುಸ್ತಕಗಳು ಅಕ್ಕಪಕ್ಕದ ಬೀರುವಿನಲ್ಲಿದ್ದೂ ಒಂದನ್ನೊಂದು ಅರಿಯುವುದಿಲ್ಲ. ಹಸು ಮಾರಾಟವಾದಾಗ ಆ ಜೋಡಣೆಯನ್ನು ತಿದ್ದುವವರು ಬೇಕು. ಕೋಟಿ ಬೆಲೆಯ ಸಾಫ್ಟ್‌ವೇರಿಗಿಂತ ಮೊದಲು ಈ ಒಂದು ಪಟ್ಟಿ ಬೇಕು, ಅದಕ್ಕೊಬ್ಬ ಹೊಣೆಗಾರ ಬೇಕು.

ಆಮೇಲೆ ಮೂಲಕ್ಕೆ ಬನ್ನಿ. ಗರ್ಭಧಾರಣೆಯ ದಿನಾಂಕವನ್ನು ಸರಿಯಾಗಿ ಬರೆಯಲು ಆ ಕಾರ್ಯಕರ್ತನಿಗೆ, ಹಸುವಿನ ಒಡತಿಯಾದ ರೈತ ಮಹಿಳೆಗೆ ಏನು ಲಾಭ? ದಿನಾಂಕ ಬರೆದರೆ, ಗರ್ಭ ತಪಾಸಣೆ ಯಾವಾಗ, ಹಾಲು ಬತ್ತಿಸುವುದು ಯಾವಾಗ, ಕರು ಹಾಕುವ ದಿನ ಯಾವುದು ಎಂಬ ಸಂದೇಶ ಆಕೆಯ ಮೊಬೈಲಿಗೆ ಕನ್ನಡದಲ್ಲಿ ಬರಬೇಕು. ಅಂಥ ಸಂದೇಶ ಬಂದ ಮನೆಯಿಂದ ಮುಂದಿನ ಸಲ ದಿನಾಂಕವನ್ನು ಕೇಳದೆಯೇ ಕೊಡುತ್ತಾರೆ. ಒಕ್ಕೂಟಕ್ಕೆ ಮುನ್ಸೂಚನೆ ಸಿಗುತ್ತದೆ, ಆಕೆಗೆ ಹಸುವಿನ ಆರೈಕೆ ಸುಲಭವಾಗುತ್ತದೆ. ಗುರಿಯಿಂದ ಹೊರಟ ದಾರಿ ಮೂಲದಲ್ಲಿ ಕೂಡುವುದು ಹೀಗೆ.

ನಿಮ್ಮ ಸಂಸ್ಥೆ ಯಾವುದೇ ಇರಲಿ, ಇದೇ ದಾರಿಯಲ್ಲಿ ನಡೆಯಬಹುದು. ಒಂದು ವರ್ಷದ ಮೂರು ಗುರಿಗಳನ್ನು ಬರೆಯಿರಿ. ಪ್ರತಿ ಗುರಿಗೆ, ಯಾರು ಯಾವ ದಿನ ಯಾವ ನಿರ್ಧಾರ ತೆಗೆದುಕೊಳ್ಳಬೇಕು ಎಂದು ಬರೆಯಿರಿ. ಆ ನಿರ್ಧಾರಕ್ಕೆ ಯಾವ ಅಂಕಿ, ಎಷ್ಟು ಬೇಗ, ಎಷ್ಟು ನಿಖರವಾಗಿ ಬೇಕು ಎಂದು ಬರೆಯಿರಿ. ಆ ಅಂಕಿ ಎಲ್ಲಿ ಹುಟ್ಟುತ್ತದೆ, ಯಾರು ಬರೆಯುತ್ತಾರೆ, ಅವರಿಗೆ ಏನು ಸಿಗುತ್ತದೆ ಎಂದು ಬರೆಯಿರಿ. ಯಾವ ಅಂಕಿಗೆ ಒಂದು ನಿರ್ಧಾರದೊಂದಿಗೂ ಸಂಬಂಧ ಕಾಣದೋ ಅದನ್ನು ಕೇಳುವುದನ್ನು ನಿಲ್ಲಿಸಿ. ನಾಲ್ಕು ಪುಟ ಸಾಕು. ಸಲಹೆಗಾರರು ಕೊಡುವ ನೂರು ಪುಟಗಳ ವರದಿಗಿಂತ ಆ ನಾಲ್ಕು ಪುಟ ಹೆಚ್ಚು ದಿನ ಬಾಳುತ್ತದೆ.

ಒಂದು ಪದ, ಒಂದು ಅರ್ಥ, ಒಬ್ಬ ಹೊಣೆಗಾರ

ಡೇಟಾ ಯೋಜನೆಗಳು ಮುಗ್ಗರಿಸುವ ಇನ್ನೊಂದು ಜಾಗ ಪದಗಳ ಅರ್ಥ. ನಮ್ಮ ಸಂಘದಲ್ಲಿ ಸದಸ್ಯರು ಎಷ್ಟು ಎಂದು ಕೇಳಿ. ಷೇರು ಪುಸ್ತಕ ಹೇಳುವುದು ಒಂದು ಸಂಖ್ಯೆ. ಅದರಲ್ಲಿ ಊರು ಬಿಟ್ಟವರೂ ಇದ್ದಾರೆ. ಇಂದು ಹಾಲು ಹಾಕಿದವರು ಇನ್ನೊಂದು ಸಂಖ್ಯೆ. ಬೈಲಾ ಪ್ರಕಾರ ನಿಗದಿತ ದಿನ ಹಾಲು ಹಾಕಿ ಮತದಾನದ ಹಕ್ಕು ಪಡೆದವರು ಮೂರನೆಯ ಸಂಖ್ಯೆ. ಮೂರೂ ನಿಜ. ಆದರೆ ಲಾಭಾಂಶಕ್ಕೆ ಒಂದು, ಚುನಾವಣೆಗೆ ಒಂದು, ಪಶು ಆಹಾರದ ಬೇಡಿಕೆಗೆ ಒಂದು ಬೇಕು. ಯಾವುದಕ್ಕೆ ಯಾವುದು ಎಂದು ಬರೆದಿಡದಿದ್ದರೆ ಚುನಾವಣೆ ಹತ್ತಿರ ಬಂದಾಗ ಜಗಳ ಹೊತ್ತಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ‘ಸುಸ್ತಿದಾರ’, ಆಸ್ಪತ್ರೆಯಲ್ಲಿ ‘ಹೊಸ ರೋಗಿ’, ಅಂಗಡಿಯಲ್ಲಿ ‘ಮಾರಾಟ’, ಎಲ್ಲ ಕಡೆ ಇದೇ ಕಥೆ.

ಆದ್ದರಿಂದ ಪ್ರತಿ ಮುಖ್ಯ ಅಂಕಿಗೂ ಬರವಣಿಗೆಯಲ್ಲಿ ಒಂದು ಅರ್ಥ, ಅದಕ್ಕೊಬ್ಬ ಹೊಣೆಗಾರ ಇರಬೇಕು. ಹೊಣೆಗಾರ ಕಂಪ್ಯೂಟರ್ ವಿಭಾಗದವನಾಗಿರಬಾರದು. ಹಾಲಿನ ಗುಣಮಟ್ಟದ ಅಂಕಿಗೆ ಗುಣಮಟ್ಟ ವಿಭಾಗದ ಮುಖ್ಯಸ್ಥರೇ ಹೊಣೆ, ಸದಸ್ಯರ ಪಟ್ಟಿಗೆ ಕಾರ್ಯದರ್ಶಿಯೇ ಹೊಣೆ. ಅಂಕಿಯನ್ನು ಬಳಸಿ ಕೆಲಸ ಮಾಡುವವರೇ ಅದನ್ನು ಕಾಯಬೇಕು.

ಎಷ್ಟು ಸಾಕು?

ಎಲ್ಲವನ್ನೂ ಸಂಗ್ರಹಿಸಿಡೋಣ, ಮುಂದೆ ಉಪಯೋಗಕ್ಕೆ ಬಂದೀತು ಎಂಬ ಆಸೆ ಬಲವಾದದ್ದು. ಆ ಆಸೆಗೆ ಕಡಿವಾಣ ಹಾಕಲು ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸರ ಕೆಲಸವನ್ನು ಇಲ್ಲಿ ನೆನೆಯಬೇಕು. 1931ರಲ್ಲಿ ಕೊಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಅವರು, ಆ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸ ಹಿಡಿದರು. ಪ್ರತಿ ಹೊಲವನ್ನೂ ನೋಡುವ ಬದಲು ಆರಿಸಿದ ಮಾದರಿ ತುಂಡುಗಳನ್ನು ಅಳೆದರು. ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಯೋಗ ಮಾಡಿ, ಒಂದು ರೂಪಾಯಿ ಹೆಚ್ಚು ಖರ್ಚಿಗೆ ಎಷ್ಟು ದೋಷ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ಸಮೀಕ್ಷೆಯನ್ನು ವರ್ಷದಿಂದ ವರ್ಷಕ್ಕೆ ಹಿಗ್ಗಿಸಿದರು. ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ತಂಡಗಳನ್ನು ಕಳಿಸಿ ಎರಡರ ಫಲಿತಾಂಶವನ್ನು ಹೋಲಿಸುವ ಪದ್ಧತಿಯನ್ನೂ ತಂದರು. ಸಂಘದ ಲೆಕ್ಕವನ್ನು ಟ್ರಕ್ ಶೀಟಿನೊಂದಿಗೆ ತಾಳೆ ನೋಡುವುದೂ ಇದೇ ಬಗೆಯ ವಿವೇಕ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ಅನುಭವದ ಫಲ. ಡೇಟಾಕ್ಕೆ ಬೆಲೆ ಇದೆ, ಅದನ್ನು ಕೊಳ್ಳುವಾಗ ಲೆಕ್ಕ ನೋಡಿ ಕೊಳ್ಳಬೇಕು ಎಂದು ಅವರು ಇಡೀ ದೇಶಕ್ಕೆ ಮಾಡಿ ತೋರಿಸಿದರು.

ಇಂದು ಶೇಖರಿಸಿಡುವ ಖರ್ಚು ಇಳಿದಿರಬಹುದು. ಬರೆಯುವವರ ಸಮಯ, ಕಾಯುವ ಹೊಣೆ, ಸೋರಿದರೆ ಆಗುವ ಹಾನಿ ಇವುಗಳ ಖರ್ಚು ಏರಿದೆ. ಒಂದು ಶಾಲೆಯ ಶಿಕ್ಷಕಿ, ಒಬ್ಬ ಆಶಾ ಕಾರ್ಯಕರ್ತೆ ದಿನಕ್ಕೆ ಎಷ್ಟು ಹೊತ್ತು ನಮೂನೆ ತುಂಬುತ್ತಾರೆ ಎಂದು ಕೇಳಿ ನೋಡಿ. ಆ ಹೊತ್ತು ಮಕ್ಕಳಿಂದ, ಬಾಣಂತಿಯರಿಂದ ಕಿತ್ತುಕೊಂಡದ್ದು. ಕೇಳುವ ಪ್ರತಿಯೊಂದು ಕಾಲಂಗೂ ಉತ್ತರದಾಯಿತ್ವ ಇರಲೇಬೇಕು.

ನಂಬಿಕೆಯ ಹೊಣೆ

ನಂಬಿಕೆಯ ಮಾತಿಗೆ ಬಂದಾಗ ಕನ್ನಡ ನಾಡಿನ ಒಂದು ಹೆಸರು ಹೆಮ್ಮೆಯಿಂದ ನೆನಪಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಯಾವ ಉದ್ದೇಶಕ್ಕೆ ಕೇಳುತ್ತೇವೆ ಎಂದು ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎಂಬುದು ಅದರ ಸಾರ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಹಲವರು ಇದನ್ನು ವಕೀಲರ ವಿಷಯ ಎಂದು ಬದಿಗಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಡೇಟಾ ಯೋಜನೆಯ ನಡುಮನೆಯಲ್ಲೇ ಇರಬೇಕಾದ ವಿಷಯ. ಉದ್ದೇಶವನ್ನು ತಿಳಿಸಬೇಕಾದರೆ ಮೊದಲು ನಮಗೇ ಉದ್ದೇಶ ಗೊತ್ತಿರಬೇಕು. ಕಾನೂನು ಕೇಳುವುದೂ ಅದನ್ನೇ, ಒಳ್ಳೆಯ ನಿರ್ವಹಣೆ ಕೇಳುವುದೂ ಅದನ್ನೇ. ಹಾಲಿನ ದುಡ್ಡು ಜಮಾ ಮಾಡಲು ಪಡೆದ ಬ್ಯಾಂಕ್ ಖಾತೆ ಸಂಖ್ಯೆ, ಫೋನ್ ನಂಬರು ಸಾಲ ಮಾರುವವರ ಕೈಸೇರಿದ ದಿನ ಆ ಸಂಘ ದಶಕಗಳಲ್ಲಿ ಗಳಿಸಿದ ವಿಶ್ವಾಸ ಮುಗಿಯಿತು.

ಮಾಡಬೇಕಾದ್ದು

ವಿದ್ಯಾರ್ಥಿಗಳಿಗೆ ಒಂದು ಮಾತು. ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಅದರ ಶಕ್ತಿ ನಿಜವಾದದ್ದು, ಕಲಿಯಿರಿ. ಆದರೆ ಫ್ಯಾಟ್ ಅಳೆಯುವ ಯಂತ್ರವನ್ನು ಸರಿಹೊಂದಿಸದ ಸಂಘದ ಡೇಟಾ ಮೇಲೆ ಎಂಥ ಬುದ್ಧಿವಂತ ಯಂತ್ರ ಕೂತರೂ ಅದು ತಪ್ಪನ್ನು ಬೇಗ ಮತ್ತು ಧೈರ್ಯವಾಗಿ ಹೇಳುತ್ತದೆ, ಅಷ್ಟೇ. ಹಳ್ಳಿಯ ಪರೀಕ್ಷಕನಿಗೆ ತರಬೇತಿ, ಯಂತ್ರಕ್ಕೆ ಕಾಲಕಾಲಕ್ಕೆ ತಪಾಸಣೆ, ವಿದ್ಯುತ್ ಹೋದಾಗ ಬರೆಯುವ ಪುಸ್ತಕ, ಇವಕ್ಕೆ ಹಣ ಇಡದೆ ನಗರದ ಕಚೇರಿಯ ಡ್ಯಾಶ್‌ಬೋರ್ಡಿಗೆ ಹಣ ಇಡುವ ಪದ್ಧತಿ ಬದಲಾಗಬೇಕು. ಡೇಟಾ ಬಜೆಟ್ಟಿನ ದೊಡ್ಡ ಪಾಲು ಅಂಕಿ ಹುಟ್ಟುವ ಜಾಗಕ್ಕೆ ಹೋಗಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಆಡಳಿತ ಮಂಡಳಿಗಳಲ್ಲಿ ಕೂರುವ ಹಿರಿಯರಿಗೆ ಒಂದು ಕೋರಿಕೆ. ಬರುವ ಸಭೆಯಲ್ಲಿ ಒಂದು ಗುರಿಯನ್ನು ಮಾತ್ರ ಎತ್ತಿಕೊಳ್ಳಿ. ಅದರ ಹಿಂದಿನ ನಿರ್ಧಾರ, ಅಂಕಿ, ಮೂಲ, ಹೊಣೆಗಾರ ಈ ನಾಲ್ಕನ್ನೂ ಹೆಸರಿಸಿ ನಡಾವಳಿಯಲ್ಲಿ ಬರೆಸಿ. ಮೂರು ತಿಂಗಳ ಬಳಿಕ ಒಂದೇ ಪ್ರಶ್ನೆ ಕೇಳಿ: ಈ ಅಂಕಿಯಿಂದಾಗಿ ನಾವು ಬೇರೆ ರೀತಿ ತೀರ್ಮಾನಿಸಿದ್ದು ಯಾವುದು? ಉತ್ತರ ಇದ್ದರೆ ಎರಡನೆಯ ಗುರಿಗೆ ಹೋಗಿ. ಇಲ್ಲದಿದ್ದರೆ ಆ ಅಂಕಿಯನ್ನು ಬರೆಯುತ್ತಿರುವವರ ಬಳಿಗೆ ನೀವೇ ಹೋಗಿ, ಅವರ ಪಕ್ಕದಲ್ಲಿ ಕೂತು ನೋಡಿ. ಸಂಸ್ಥೆಯ ಡೇಟಾದ ಬಗ್ಗೆ ಅಲ್ಲಿ ಸಿಗುವ ತಿಳಿವಳಿಕೆ ಬೇರೆಲ್ಲೂ ಸಿಗುವುದಿಲ್ಲ.

ಸಹಕಾರ ಚಳವಳಿ ನಮಗೆ ಕಲಿಸಿದ್ದು, ಹಾಲು ಹಾಕುವವರೇ ಡೈರಿಯ ಒಡೆಯರು ಎಂಬುದನ್ನು. ಡೇಟಾದ ವಿಷಯದಲ್ಲೂ ನಾವು ಆ ತತ್ತ್ವವನ್ನೇ ಪಾಲಿಸೋಣ: ಅಂಕಿ ಕೊಡುವವರಿಗೆ ಅದನ್ನು ನೋಡುವ, ಪ್ರಶ್ನಿಸುವ, ತಿದ್ದಿಸುವ, ಅದರಿಂದ ಮೊದಲು ಲಾಭ ಪಡೆಯುವ ಹಕ್ಕು ಇರಲಿ. ಹಾಗೆ ಕಟ್ಟಿದ ಸಂಸ್ಥೆಗೆ ನಂಬಬಹುದಾದ ಅಂಕಿ ಸಿಗುತ್ತದೆ, ನಂಬಬಹುದಾದ ಅಂಕಿಯಿಂದ ಸರಿಯಾದ ನಿರ್ಧಾರ ಹೊರಡುತ್ತದೆ, ಗುರಿ ಹತ್ತಿರವಾಗುತ್ತದೆ.